ಗಾಳಿಯಂತ್ರ ಬಂತು, ಗಾಳಿಮಾತೂ ಬಂತು

ಒಂದು ಫೋನ್ ಕರೆಯಿಂದ ಶುರು ಮಾಡ್ತೀನಿ. ಕರೆಂಟ್ ಬಿಲ್ ಬಗ್ಗೆ ಫೋನ್-ಇನ್ ಕಾರ್ಯಕ್ರಮ ನಡೀತಿತ್ತು. ಮೀಟರು, ಸಬ್ಸಿಡಿ, ಲೋಡ್ ಶೆಡ್ಡಿಂಗ್ ಅಂತ ಒಂದರ ಹಿಂದೆ ಒಂದು ಪ್ರಶ್ನೆ. ನಡುವೆ ಉತ್ತರ ಕರ್ನಾಟಕದ ಒಂದು ಹಳ್ಳಿಯಿಂದ ಹಿರಿಯ ರೈತರೊಬ್ಬರು ಲೈನಿಗೆ ಬಂದರು. ಊರಿನ ಹೆಸರು, ಜಿಲ್ಲೆಯ ಹೆಸರು ಇಲ್ಲಿ ಬೇಡ.

"ಸರ, ನಮ್ಮೂರಾಗ ಫ್ಯಾನ್ ಹಾಕ್ತಾರಂತ್ರಿ. ನನ್ನ ಹೊಲದ ಬಾಜೂಕ ಬಣ್ಣ ಹಚ್ಚಿದ ಕಲ್ಲು ನಟ್ಟು ಹೋಗ್ಯಾರ. ನಮ್ಮನ್ನ ಯಾರೂ ಕೇಳಿಲ್ರಿ. ಇದರ ಮೀಟಿಂಗ್ ಯಾವಾಗ ಆತ್ರಿ?"

ಫ್ಯಾನ್ ಅಂದ್ರೆ ಮನೆಯ ಸೀಲಿಂಗ್ ಫ್ಯಾನ್ ಅಲ್ಲ. ಗಾಳಿಯಿಂದ ವಿದ್ಯುತ್ ತೆಗೆಯುವ ದೈತ್ಯ ಯಂತ್ರ. ಗದಗ, ಕೊಪ್ಪಳ, ಚಿತ್ರದುರ್ಗದ ಕಡೆ ಓಡಾಡಿದವರಿಗೆ ಅದು ಗೊತ್ತು. ನಾನು ಒಂದು ಕ್ಷಣವೂ ಯೋಚನೆ ಮಾಡದೆ ಉತ್ತರ ಕೊಟ್ಟೆ. "ಯಜಮಾನ್ರೇ, ಇಷ್ಟು ದೊಡ್ಡ ಯೋಜನೆ ಅಂದ್ಮೇಲೆ ಸಾರ್ವಜನಿಕ ಅಹವಾಲು ಸಭೆ ಆಗಿಯೇ ಆಗಿರುತ್ತೆ. ಜಿಲ್ಲಾ ಕೇಂದ್ರಕ್ಕೆ ಹೋಗಿ, ಸಭೆಯ ನಡಾವಳಿ ಕೇಳಿ, ಕೊಡ್ತಾರೆ." ಮುಂದಿನ ಕರೆಗೆ ಹೋದೆ. ಮರೆತೂ ಹೋಯ್ತು.

ಎರಡು ವಾರದ ನಂತರ ಅದೇ ಧ್ವನಿ. "ಹೋಗಿದ್ನಿರಿ ಸರ. ಎರಡು ಸಲ ಹೋದೆ. ಅಂಥಾ ಮೀಟಿಂಗ್ ಆಗಿಲ್ಲ, ಆಗಬೇಕಂತ ಕಾನೂನೂ ಇಲ್ಲ ಅಂದ್ರು. ಟೀವ್ಯಾಗ ಹೇಳ್ಯಾರ ಅಂದ್ರ ಸುಮ್ನ ನಕ್ರು."

ವೀಕ್ಷಕರೇ, ಆ ಕಚೇರಿಯವರು ಹೇಳಿದ್ದು ಸರಿ. ನಾನು ಹೇಳಿದ್ದು ತಪ್ಪು. ಒಬ್ಬ ರೈತನ ಎರಡು ದಿನದ ಕೆಲಸ, ಬಸ್ ಚಾರ್ಜು ನನ್ನ ಬಾಯಿಂದಾಗಿ ಹಾಳಾಯ್ತು. ಇವತ್ತಿನ ಮಾತು ಆ ತಪ್ಪಿನ ತಿದ್ದುಪಡಿ. ಜೊತೆಗೆ ಒಂದು ಪ್ರಶ್ನೆ: ನಾನು ಹೇಳಿದ್ದು ತಪ್ಪಾಯ್ತು, ಸರಿ. ಆದರೆ ಅದು ತಪ್ಪಾಗಬೇಕಿತ್ತಾ?

ಮೊದಲು ಕಾನೂನು ಏನಂತದೆ ನೋಡೋಣ.

ನಮ್ಮ ದೇಶದಲ್ಲಿ ಗಣಿ, ಅಣೆಕಟ್ಟು, ಉಷ್ಣ ವಿದ್ಯುತ್ ಸ್ಥಾವರ, ಸಿಮೆಂಟ್ ಕಾರ್ಖಾನೆಯಂಥ ದೊಡ್ಡ ಯೋಜನೆಗಳು ಬಂದಾಗ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಇದು ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ ಅಂತ ಹೆಸರು. ಅದರಲ್ಲಿ ಸಭೆ ಹೇಗೆ ನಡೀಬೇಕು ಅಂತ ಚೆನ್ನಾಗಿಯೇ ಬರೆದಿದ್ದಾರೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಅದರಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆ ಇರಲೇಬೇಕು. ಯೋಜನೆಯ ಸಾರಾಂಶವೂ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಸಭೆ ಏರ್ಪಾಡು ಮಾಡೋದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಇಲ್ಲವೇ ಅಪರ ಜಿಲ್ಲಾಧಿಕಾರಿ ಮಟ್ಟಕ್ಕೆ ಕಡಿಮೆ ಇಲ್ಲದ ಅಧಿಕಾರಿಯದು. ಇಡೀ ಸಭೆಯ ವಿಡಿಯೋ ಆಗಬೇಕು. ಬಂದವರಿಗೆ ಮಾತಾಡಲು ಅವಕಾಶ ಕೊಡಬೇಕು. ಕೊನೆಗೆ ಯಾರು ಏನು ಹೇಳಿದರು ಅನ್ನೋದನ್ನು ಅಲ್ಲೇ ಜನರ ಭಾಷೆಯಲ್ಲಿ ಓದಿ ಹೇಳಿ, ಅದೇ ದಿನ ಸಹಿ ಹಾಕಬೇಕು.

ಇದು ಮತದಾನ ಅಲ್ಲ, ನೆನಪಿಡಿ. ನೂರು ಜನ ಬೇಡ ಅಂದರೆ ಯೋಜನೆ ನಿಂತುಹೋಗುತ್ತೆ ಅಂತಿಲ್ಲ. ಆದರೆ ಹೇಳಿದ ಮಾತು ದಾಖಲೆಗೆ ಹೋಗುತ್ತೆ, ಅದಕ್ಕೆ ಕಂಪನಿ ಉತ್ತರ ಕೊಡಬೇಕಾಗುತ್ತೆ. ನಾಳೆ ಕೋರ್ಟಿಗೆ ಹೋದರೂ ಆ ಕಾಗದ ಕೈಯಲ್ಲಿರುತ್ತೆ.

ಈಗ ಆ ಅಧಿಸೂಚನೆಯ ಪಟ್ಟಿ ತೆಗೆದು ನೋಡಿ. ಗಾಳಿ ವಿದ್ಯುತ್ ಅದರಲ್ಲಿ ಇಲ್ಲವೇ ಇಲ್ಲ. ಹತ್ತು ಫ್ಯಾನ್ ಇರಲಿ, ನೂರು ಫ್ಯಾನ್ ಇರಲಿ, ಪರಿಸರ ಅನುಮತಿ ಬೇಡ. ಅನುಮತಿಯೇ ಬೇಡ ಅಂದ್ಮೇಲೆ ಅಹವಾಲು ಸಭೆ ಎಲ್ಲಿಂದ ಬರಬೇಕು? ಮುಂದೆ 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಉದ್ಯಮಗಳಿಗೆ ಬಣ್ಣ ಹಚ್ಚುವಾಗ ಗಾಳಿ ವಿದ್ಯುತ್ತನ್ನು ಬಿಳಿ ಪಟ್ಟಿಗೆ ಹಾಕಿತು. ಕೆಂಪು ಅಂದ್ರೆ ಹೆಚ್ಚು ಮಾಲಿನ್ಯ, ಬಿಳಿ ಅಂದ್ರೆ ಮಾಲಿನ್ಯ ಇಲ್ಲವೆನ್ನುವಷ್ಟು ಕಡಿಮೆ. ಬಿಳಿ ಪಟ್ಟಿಯವರು ಮಂಡಳಿಗೆ ಮಾಹಿತಿ ಕೊಟ್ಟರೆ ಸಾಕು.

ಇದರ ಹಿಂದಿನ ಲೆಕ್ಕಾಚಾರ ಅರ್ಥವಾಗುತ್ತೆ. ಫ್ಯಾನಿಗೆ ಚಿಮಣಿ ಇಲ್ಲ, ಹೊಗೆ ಇಲ್ಲ, ಹಾರುಬೂದಿ ಇಲ್ಲ. ಕಲ್ಲಿದ್ದಲು ಸುಡುವ ಸ್ಥಾವರವನ್ನೂ ಗಾಳಿಯಂತ್ರವನ್ನೂ ಒಂದೇ ತಕ್ಕಡಿಯಲ್ಲಿ ಇಡೋಕಾಗಲ್ಲ. ದೇಶಕ್ಕೆ ಈ ವಿದ್ಯುತ್ ಬೇಕು, ಬೇಗ ಬೇಕು. 2025ರ ಮಾರ್ಚ್ ಕೊನೆಗೆ ದೇಶದ ಗಾಳಿ ವಿದ್ಯುತ್ ಸಾಮರ್ಥ್ಯ 50 ಸಾವಿರ ಮೆಗಾವ್ಯಾಟ್ ದಾಟಿತು. 2024-25ರ ಒಂದೇ ವರ್ಷದಲ್ಲಿ ಅತಿ ಹೆಚ್ಚು ಹೊಸ ಸಾಮರ್ಥ್ಯ ಸೇರಿಸಿದ ರಾಜ್ಯ ಯಾವುದು ಗೊತ್ತಾ? ನಮ್ಮ ಕರ್ನಾಟಕ. 1,331 ಮೆಗಾವ್ಯಾಟ್. ತಮಿಳುನಾಡು, ಗುಜರಾತ್ ಎರಡೂ ಆ ವರ್ಷ ನಮ್ಮ ಹಿಂದೆ. ನಮ್ಮಲ್ಲಿ ಜೋರು ಗಾಳಿ ಬೀಸೋದು ಮುಂಗಾರಿನಲ್ಲಿ, ಆಷಾಢದ ಸುಮಾರಿಗೆ. ಆಗ ಮೋಡ ಕವಿದು ಸೋಲಾರ್ ಕೈಕೊಟ್ಟಿರುತ್ತೆ. ಬಿಸಿಲಿಗೂ ಗಾಳಿಗೂ ಹೀಗೆ ಜೋಡಿ ಚೆನ್ನಾಗಿ ಕೂಡುತ್ತೆ. ಹಾಗಾಗಿ ಫ್ಯಾನ್ ಬೇಡ ಅನ್ನೋ ಮಾತು ನನ್ನದಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಆಮೇಲೆ ನನ್ನ ತಲೆಗೆ ಕಟ್ಟಬೇಡಿ.

ನನ್ನ ತಕರಾರು ಇಷ್ಟೇ. ಹೊಗೆ ಇಲ್ಲ ಅಂದ ಮಾತ್ರಕ್ಕೆ ಊರಿಗೆ ಏನೂ ಆಗಲ್ಲ ಅಂತ ಅರ್ಥವಾ?

ಆ ರೈತರು ಎರಡನೇ ಸಲ ಕರೆ ಮಾಡಿದ ಮೇಲೆ ನಾನು ಅವರೂರಿಗೆ ಹೋದೆ. ಕ್ಯಾಮೆರಾ ಒಯ್ಯಲಿಲ್ಲ. ಕ್ಯಾಮೆರಾ ಕಂಡರೆ ಜನ ಭಾಷಣ ಮಾಡ್ತಾರೆ, ಇಲ್ಲವೇ ಬಾಯಿ ಮುಚ್ಕೋತಾರೆ. ಹನುಮಂತ ದೇವರ ಗುಡಿ ಕಟ್ಟೆ ಮೇಲೆ ಹತ್ತು ಹನ್ನೆರಡು ಜನ ಸೇರಿದ್ದರು. ಊರಿಗೆ ಎಷ್ಟು ಫ್ಯಾನ್ ಬರುತ್ತೆ ಅಂತ ಕೇಳಿದೆ. ಒಬ್ಬರು ಆರು ಅಂದ್ರು. ಮತ್ತೊಬ್ಬರು ಮೂವತ್ತು. ಬೈಕ್ ಮೇಲೆ ಕೂತಿದ್ದ ಹುಡುಗ, "ಏ, ನೂರ ಅಂತ, ವಾಟ್ಸಾಪ್‌ನ್ಯಾಗ ಬಂದೈತಿ" ಅಂದ. ಒಂದೇ ಕಟ್ಟೆ, ಮೂರು ಲೆಕ್ಕ.

ಒಬ್ಬ ಅಜ್ಜಿ ಕೈಲಿ ಶೇಂಗಾ ಬುಟ್ಟಿ ಹಿಡ್ಕೊಂಡು ನಿಂತಿದ್ದಳು. "ತಮ್ಮಾ, ಆ ಫ್ಯಾನ್ ಮೋಡ ಓಡಸ್ತಾವಂತ ಹೌದೇನ? ಮಳಿ ಬರೂದಿಲ್ಲಂತ?" ಅಂತ ಕೇಳಿದಳು.

ಈ ಮಾತು ಗಾಳಿಯಂತ್ರ ಬಂದ ಊರುಗಳಲ್ಲೆಲ್ಲ ಓಡಾಡುತ್ತೆ. ಉತ್ತರ ಹೇಳ್ತೀನಿ ಕೇಳಿ. ಫ್ಯಾನಿನ ತುದಿ ಎತ್ತರ ಅಂದ್ರೆ ಎಷ್ಟು? ಇನ್ನೂರು ಮೀಟರ್ ಆಸುಪಾಸು. ನಮ್ಮ ಮುಂಗಾರು ಮಳೆ ನಿರ್ಧಾರವಾಗೋದು ಸಮುದ್ರದಿಂದ ನೂರಾರು ಕಿಲೋಮೀಟರ್ ಸಾಗಿ ಬರುವ ಮಾರುತಗಳಿಂದ, ಕಿಲೋಮೀಟರ್‌ಗಟ್ಟಲೆ ಎತ್ತರದ ಮೋಡಗಳಿಂದ. ಫ್ಯಾನು ಅದನ್ನು ಓಡಿಸುತ್ತೆ ಅನ್ನೋದಕ್ಕೆ ವಿಜ್ಞಾನದ ಆಧಾರ ಇಲ್ಲ. ಹಾಗಾದ್ರೆ ಫ್ಯಾನ್ ಇರೋ ಕಡೆ ಮಳೆ ಯಾಕೆ ಕಡಿಮೆ? ಅದು ಪಶ್ಚಿಮ ಘಟ್ಟದ ಮಳೆ ನೆರಳಿನ ನಾಡು. ಮೋಡಗಳು ಘಟ್ಟದ ಆಚೆಯೇ ಹೆಚ್ಚು ಸುರಿದು, ಈಚೆಗೆ ಗಾಳಿ ಜಾಸ್ತಿ, ನೀರು ಕಡಿಮೆ ಹೊತ್ತು ತರುತ್ತವೆ. ಮಳೆ ಕಡಿಮೆ ಇದ್ದ ಜಾಗಕ್ಕೇ ಫ್ಯಾನ್ ಬಂದಿದೆ, ಫ್ಯಾನ್ ಬಂದಿದ್ದಕ್ಕೆ ಮಳೆ ಕಡಿಮೆ ಆಗಿದ್ದಲ್ಲ.

ಇದನ್ನು ಕಟ್ಟೆ ಮೇಲೆ ಕೂತು ಹೇಳೋಕೆ ನನಗೆ ಐದು ನಿಮಿಷ ಬೇಕಾಯ್ತು. ಅಜ್ಜಿ ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ, "ಹಂಗೇನ?" ಅಂತ ಹೊರಟುಹೋದಳು. ಈ ಐದು ನಿಮಿಷದ ಮಾತನ್ನು ಊರಿಗೆ ಬಂದು ಹೇಳೋದು ಯಾರ ಕೆಲಸವಾಗಿತ್ತು? ಯೋಜನೆ ತರುವವರದು, ಅದಕ್ಕೆ ಒಪ್ಪಿಗೆ ಕೊಡುವವರದು. ಅವರು ಬರಲಿಲ್ಲ. ಅವರ ಜಾಗಕ್ಕೆ ವಾಟ್ಸಾಪ್ ಬಂತು. ಗಾಳಿಯಂತ್ರಕ್ಕಿಂತ ಮೊದಲು ಗಾಳಿಮಾತು ಊರು ಸೇರಿತ್ತು.

ಆದರೆ ಕಟ್ಟೆ ಮೇಲೆ ಕೇಳಿದ್ದೆಲ್ಲ ಗಾಳಿಮಾತು ಅಂತ ತಳ್ಳಿಹಾಕಬೇಡಿ. ಉಳಿದ ಪ್ರಶ್ನೆಗಳು ಗಟ್ಟಿಯಾಗಿದ್ದವು.

ಮೊದಲನೇದು ರಸ್ತೆ. ಫ್ಯಾನಿನ ಒಂದು ರೆಕ್ಕೆ ಅರವತ್ತು, ಎಪ್ಪತ್ತು ಮೀಟರ್ ಉದ್ದ ಇರುತ್ತೆ. ಅದನ್ನು ತುಂಡು ಮಾಡಿ ತರೋಕಾಗಲ್ಲ, ಉದ್ದನೆಯ ಟ್ರೇಲರ್ ಮೇಲೆ ಇಡಿಯಾಗಿ ಬರಬೇಕು. ಎತ್ತಿನ ಗಾಡಿ ದಾರಿಯಲ್ಲಿ ಆ ಟ್ರೇಲರ್ ತಿರುಗುತ್ತಾ? ದಾರಿ ಅಗಲ ಮಾಡಬೇಕು, ತಿರುವು ನೇರ ಮಾಡಬೇಕು, ಅಡ್ಡ ಬಂದ ಮರ ಕಡೀಬೇಕು. ಗುಡ್ಡದ ಮೇಲಾದರೆ ಗುಡ್ಡ ಕೊರೆಯಬೇಕು. ಕೊರೆದ ಮಣ್ಣು ಎಲ್ಲಿಗೆ ಹೋಗುತ್ತೆ? ಮಳೆ ಬಂದರೆ ಹಳ್ಳಕ್ಕೆ, ಹಳ್ಳದಿಂದ ಹೊಲಕ್ಕೆ. ಇದು ಹೆದರಿಕೆಯ ಕಲ್ಪನೆಯೂ ಅಲ್ಲ. ಮಾಧವ ಗಾಡ್ಗೀಳ್ ಅವರ ಪಶ್ಚಿಮ ಘಟ್ಟ ಸಮಿತಿ 2011ರ ವರದಿಯಲ್ಲಿ ಮಹಾರಾಷ್ಟ್ರದ ಭೀಮಾಶಂಕರ ಭಾಗದ ಒಂದು ಗಾಳಿ ವಿದ್ಯುತ್ ಯೋಜನೆಯ ಬಗ್ಗೆ ಬರೆದಿದೆ. ಗುಡ್ಡದಲ್ಲಿ ಸರಿಯಿಲ್ಲದ ರೀತಿ ರಸ್ತೆ ಕಡಿದು ಮಣ್ಣು ಕೊಚ್ಚಿಹೋದದ್ದನ್ನೂ, ಅಲ್ಲಿನ ಜನರಿಗೆ ಅವರದೇ ಗುಡ್ಡಕ್ಕೆ ಹೋಗಲು ಅಡ್ಡಿಯಾದದ್ದನ್ನೂ ಅದು ದಾಖಲಿಸಿದೆ. ಹಾಳು ಮಾಡಿದ್ದು ಫ್ಯಾನಿನ ರೆಕ್ಕೆಯಲ್ಲ, ರೆಕ್ಕೆ ತಂದ ದಾರಿ.

ಎರಡನೇದು ದೂರ. "ಮನಿಯಿಂದ ಎಷ್ಟು ದೂರ ಇರಬೇಕ್ರಿ?" ಅಂತ ಕೇಳಿದರು. ಇದಕ್ಕೆ ಉತ್ತರ ಇದೆ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಶಬ್ದದ ತೊಂದರೆ ತಪ್ಪಿಸಲು ಜನವಸತಿಯಿಂದ 500 ಮೀಟರ್ ಒಳಗೆ ಫ್ಯಾನ್ ನಿಲ್ಲಿಸಬಾರದು. ರಸ್ತೆ, ರೈಲು ಹಳಿ, ಕಟ್ಟಡ, ಹೈಟೆನ್ಷನ್ ಲೈನ್ ಇವುಗಳಿಂದ ಬಿಡಬೇಕಾದ ದೂರಕ್ಕೂ ಒಂದು ಲೆಕ್ಕ ಇದೆ. ಕಂಬದ ಎತ್ತರ, ಅದಕ್ಕೆ ರೆಕ್ಕೆಚಕ್ರದ ವ್ಯಾಸದ ಅರ್ಧ ಕೂಡಿಸಿ, ಮೇಲೆ 5 ಮೀಟರ್. ಕಂಬ 120 ಮೀಟರ್, ಚಕ್ರದ ವ್ಯಾಸ 140 ಮೀಟರ್ ಅಂತಿಟ್ಟುಕೊಳ್ಳಿ. 120 ಕೂಡಿಸು 70 ಕೂಡಿಸು 5, ಒಟ್ಟು 195 ಮೀಟರ್. ಅಂದ್ರೆ ಫ್ಯಾನ್ ಅಡ್ಡ ಬಿದ್ದರೂ ರಸ್ತೆ ಮೇಲೆ ಬೀಳಬಾರದು, ಅಷ್ಟೇ ಸರಳ.

ಶಬ್ದದ ನಿಯಮವೂ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ನಗರದ ಟ್ರಾಫಿಕ್ಕಿನಲ್ಲಿ ಇರೋರಿಗೆ ಫ್ಯಾನಿನ ಸುಂಯ್ ಸುಂಯ್ ಸದ್ದು ಒಂದು ಲೆಕ್ಕವಲ್ಲ. ನಾಯಿ ಬೊಗಳಿದ್ದು ಬಿಟ್ಟರೆ ಬೇರೇನೂ ಕೇಳದ ಊರಿನ ರಾತ್ರಿಯಲ್ಲಿ ಅದು ಲೆಕ್ಕಕ್ಕೆ ಬರುತ್ತೆ. ಇನ್ನು ನೆರಳು. ಹೊತ್ತು ಮೂಡುವಾಗ, ಮುಳುಗುವಾಗ ಸೂರ್ಯ ಫ್ಯಾನಿನ ಹಿಂದೆ ಬಂದರೆ ರೆಕ್ಕೆಯ ನೆರಳು ಮನೆಯ ಗೋಡೆ ಮೇಲೆ ಬಿಟ್ಟು ಬಿಟ್ಟು ಹಾಯುತ್ತೆ, ಯಾರೋ ಲೈಟ್ ಹಾಕಿ ಆರಿಸಿದ ಹಾಗೆ. ಕಂಬವನ್ನು ನೂರು ಮೀಟರ್ ಆಚೀಚೆ ಸರಿಸಿದರೆ ಎಷ್ಟೋ ಮನೆಗೆ ಈ ಕಾಟ ಇರಲ್ಲ. ಆದರೆ ಸರಿಸಬೇಕಾದ್ದು ಯಾವಾಗ? ನಕ್ಷೆ ಕಾಗದದ ಮೇಲಿದ್ದಾಗ. ಕಾಂಕ್ರೀಟ್ ಬಿದ್ದ ಮೇಲೆ ಯಾರು ಸರಿಸ್ತಾರೆ?

ಮೂರನೇದು ಗೋಮಾಳ. ಆ ಕಡೆ ಗಾಯರಾಣ ಅಂತಾರೆ. ಹೊಲ ಕೊಟ್ಟ ರೈತನಿಗೆ ದುಡ್ಡು ಬರುತ್ತೆ. ಹೊಲವೇ ಇಲ್ಲದ, ನಾಲ್ಕು ಕುರಿ ಕಟ್ಟಿಕೊಂಡವನಿಗೆ? ಅವನ ಕುರಿ ಮೇಯುವ ಜಾಗಕ್ಕೆ ರಸ್ತೆ, ಸಬ್‌ಸ್ಟೇಷನ್, ತಂತಿ ಕಂಬ ಬಂದರೆ ಅವನ ಹೆಸರಿಗೆ ಯಾವ ಪಹಣಿಯೂ ಇಲ್ಲ, ಯಾವ ಚೆಕ್ಕೂ ಬರಲ್ಲ. ಕಂಪನಿ ಮಾತಾಡೋದು ಜಮೀನಿನ ಯಜಮಾನನ ಹತ್ತಿರ ಮಾತ್ರ. ಊರಿನ ಜೊತೆ ಮಾತಾಡೋದು ಅಂದ್ರೆ ಈ ಕುರಿಗಾರನ ಜೊತೆಯೂ ಮಾತಾಡೋದು.

ನಾಲ್ಕನೇದನ್ನು ಕಟ್ಟೆಯವರು ಕೇಳಲಿಲ್ಲ, ನಾನು ಸೇರಿಸ್ತೀನಿ. ಮಹಾರಾಷ್ಟ್ರದ ಸಾತಾರಾ ಹತ್ತಿರ ಚಾಳಕೇವಾಡಿ ಅಂತ ಎತ್ತರದ ಬಯಲಿದೆ, ತುಂಬ ಗಾಳಿಯಂತ್ರಗಳಿವೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತು ಸಂಗಡಿಗರು ಅಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಫ್ಯಾನ್ ಇರುವ ಕಡೆ ಹದ್ದು, ಗಿಡುಗದಂಥ ಬೇಟೆ ಹಕ್ಕಿಗಳು ಫ್ಯಾನ್ ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಹಕ್ಕಿ ಕಡಿಮೆಯಾದ್ದಕ್ಕೆ ಅವು ತಿನ್ನುವ ಒಂದು ಜಾತಿಯ ಓತಿಕ್ಯಾತಗಳು ಹೆಚ್ಚಿವೆ, ಅವುಗಳ ನಡವಳಿಕೆಯೂ ಬದಲಾಗಿದೆ. ಅಂದ್ರೆ ಬಿಳಿ ಪಟ್ಟಿಯಲ್ಲಿರುವ ಯಂತ್ರವೂ ಸುತ್ತಲಿನ ಜೀವಜಾಲದ ಮೇಲೆ ಗುರುತು ಬಿಡುತ್ತೆ. ಇದರಿಂದ ಯಂತ್ರವೇ ಬೇಡ ಅಂತಾಗಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ಕೇಳಬೇಕು ಅಂತಾಗುತ್ತೆ.

ಬೇರೆ ದೇಶದವರು ಏನು ಮಾಡಿದ್ದಾರೆ? ಎರಡು ಉದಾಹರಣೆ ಸಾಕು.

ಇಂಗ್ಲೆಂಡ್‌ನಲ್ಲಿ 2015ರ ಜೂನ್‌ನಲ್ಲಿ ಸರ್ಕಾರ ಒಂದು ನಿಯಮ ತಂತು. ನೆಲದ ಮೇಲೆ ಗಾಳಿಯಂತ್ರ ಹಾಕಬೇಕಾದರೆ ಸ್ಥಳೀಯ ಯೋಜನೆಯಲ್ಲಿ ಆ ಜಾಗ ಗುರುತಾಗಿರಬೇಕು, ಊರಿನವರು ಎತ್ತಿದ ಆಕ್ಷೇಪಗಳೆಲ್ಲ ಪರಿಹಾರವಾಗಿ ಅವರ ಬೆಂಬಲ ಇರಬೇಕು. ಕೇಳೋಕೆ ಎಷ್ಟು ಚಂದ! ಆದರೆ ನಾಲ್ಕು ಜನ ಗಟ್ಟಿಯಾಗಿ ಬೇಡ ಅಂದರೂ ಯೋಜನೆ ಸಿಕ್ಕಿಬಿತ್ತು. ಹೊಸ ಗಾಳಿಯಂತ್ರಗಳ ಕೆಲಸ ಇಂಗ್ಲೆಂಡ್‌ನಲ್ಲಿ ಹೆಚ್ಚುಕಡಿಮೆ ನಿಂತೇಹೋಯ್ತು. 2023ರಲ್ಲಿ ಸ್ವಲ್ಪ ಸಡಿಲ ಮಾಡಿದರು, 2024ರ ಜುಲೈನಲ್ಲಿ ಹೊಸ ಸರ್ಕಾರ ಬಂದು ಆ ನಿಯಮವನ್ನೇ ತೆಗೆಯಿತು. ಅಲ್ಲಿ ಒಂದು ಆಕ್ಷೇಪಕ್ಕೆ ಎಲ್ಲ ನಿಲ್ಲುತ್ತಿತ್ತು, ಇಲ್ಲಿ ನೂರು ಆಕ್ಷೇಪ ಹೇಳೋಕೆ ಜಾಗವೇ ಇಲ್ಲ. ಎರಡೂ ಅತಿ.

ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು. 2009ರಿಂದ ಜಾರಿಗೆ ಬಂದ ಕಾನೂನಿನಲ್ಲಿ ಹೊಸ ಗಾಳಿ ಯೋಜನೆ ತರುವವರು ಕನಿಷ್ಠ ಶೇಕಡ 20ರಷ್ಟು ಪಾಲನ್ನು ಸ್ಥಳೀಯರಿಗೆ ಖರೀದಿಗೆ ಇಡಬೇಕು, ನಾಲ್ಕೂವರೆ ಕಿಲೋಮೀಟರ್ ಒಳಗೆ ಇರುವವರಿಗೆ ಮೊದಲ ಅವಕಾಶ ಅಂತಿತ್ತು. ಫ್ಯಾನ್ ತಿರುಗಿದರೆ ಪಕ್ಕದ ಮನೆಯವನಿಗೂ ನಾಲ್ಕು ಕಾಸು. 2020ರಲ್ಲಿ ಆ ಪಾಲಿನ ಪದ್ಧತಿ ಬಿಟ್ಟು, ಹತ್ತಿರದ ಮನೆಗಳಿಗೆ ವರ್ಷ ವರ್ಷ ಬೋನಸ್ ಕೊಡುವ ಪದ್ಧತಿ ತಂದರು. ವಿಧಾನ ಬದಲಾಯ್ತು, ಆದರೆ ಫ್ಯಾನಿನ ಪಕ್ಕ ಇರುವವರನ್ನು ಲೆಕ್ಕಕ್ಕೆ ತಗೊಳ್ಳೋದು ಬಿಡಲಿಲ್ಲ.

ನಮ್ಮಲ್ಲಿ ಒಂದು ವಿಚಿತ್ರ ಇದೆ ನೋಡಿ. ಕೆಲವು ಗಾಳಿ ಯೋಜನೆಗಳಿಗೆ ಅಂತರರಾಷ್ಟ್ರೀಯ ಬ್ಯಾಂಕುಗಳು ಸಾಲ ಕೊಡ್ತವೆ. ವಿಶ್ವಬ್ಯಾಂಕ್ ಬಳಗದ ಐಎಫ್‌ಸಿಯಂಥ ಸಂಸ್ಥೆಗಳು ಸಾಲ ಕೊಡಬೇಕಾದರೆ ಊರಿನವರ ಜೊತೆ ಸಮಾಲೋಚನೆ ಮಾಡಿ, ದೂರು ಕೇಳುವ ವ್ಯವಸ್ಥೆ ಇಡಿ ಅಂತ ಷರತ್ತು ಹಾಕ್ತವೆ. ಆಗ ಕಂಪನಿಯವರು ಊರಿಗೆ ಬಂದು ಸಭೆ ಮಾಡ್ತಾರೆ, ಹಾಜರಿ ತಗೋತಾರೆ, ಫೋಟೋ ತೆಗೀತಾರೆ. ಸಾಲ ಬೇರೆ ಕಡೆಯಿಂದ ಬಂದರೆ? ಸಭೆ ಕಂಪನಿಯ ಮನಸ್ಸಿಗೆ ಬಿಟ್ಟಿದ್ದು. ಅಂದ್ರೆ ವಾಷಿಂಗ್ಟನ್ನಿನ ಬ್ಯಾಂಕು ಕೇಳಿದರೆ ಊರಿನವರಿಗೆ ಕುರ್ಚಿ ಹಾಕ್ತಾರೆ, ಊರಿನವರೇ ಕೇಳಿದರೆ ಕಾನೂನಿಲ್ಲ ಅಂತಾರೆ. ಇದು ನಮಗೆ ಶೋಭೆಯಾ ಸ್ವಾಮಿ?

ಹಾಗಂತ ಅಹವಾಲು ಸಭೆ ಇದ್ದಕಡೆ ಎಲ್ಲ ಸರಿಯಾಗಿದೆ ಅಂತಲೂ ಹೇಳಲ್ಲ. ಗಣಿಯ, ಕಾರ್ಖಾನೆಯ ಎಷ್ಟೋ ಸಭೆಗಳಿಗೆ ನಾನೇ ವರದಿಗೆ ಹೋಗಿದ್ದೀನಿ. ಟೆಂಪೋದಲ್ಲಿ ಜನ ತಂದು ಮುಂದಿನ ಸಾಲಿನಲ್ಲಿ ಕೂರಿಸೋದು, ವಿರೋಧ ಮಾಡುವವರಿಗೆ ಮೈಕ್ ಸಿಗೋ ಹೊತ್ತಿಗೆ ಊಟಕ್ಕೆ ಬಿಡೋದು, ಎಲ್ಲ ಕಂಡಿದ್ದೀನಿ. ಆದರೂ ಅಲ್ಲಿ ಒಂದು ವಿಡಿಯೋ ಇರುತ್ತೆ, ಒಂದು ನಡಾವಳಿ ಇರುತ್ತೆ. ನೆಟ್ಟಗಿಲ್ಲದ ಬಾಗಿಲಾದರೂ ಬಾಗಿಲು ಬಾಗಿಲೇ.

ಕೇಳುವ ಕಾನೂನು ಇದ್ದರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಗದಗಿನ ಕಪ್ಪತಗುಡ್ಡ ನೋಡಿ. ಔಷಧ ಸಸ್ಯಗಳ ಗುಡ್ಡ, ಹೊಟ್ಟೆಯಲ್ಲಿ ಅದಿರು, ನೆತ್ತಿಯಲ್ಲಿ ಗಾಳಿಯಂತ್ರ. 2015ರಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು. 2016ರ ನವೆಂಬರ್‌ನಲ್ಲಿ ಹಿಂದಕ್ಕೆ ತಗೊಂಡಿತು. ಗಣಿಗಾರಿಕೆಗೆ ದಾರಿ ಮಾಡ್ತಿದ್ದಾರೆ ಅಂತ ಜನ ಬೀದಿಗಿಳಿದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ಇಲ್ಲೊಂದು ಸಂಗತಿ ಗಮನಿಸಿ. ಇಂಥ ಪ್ರದೇಶ ಘೋಷಿಸುವ ವನ್ಯಜೀವಿ ಕಾಯ್ದೆಯ 36ಎ ಕಲಂನಲ್ಲೇ, ಸ್ಥಳೀಯ ಸಮುದಾಯಗಳೊಂದಿಗೆ ಸಮಾಲೋಚಿಸಬೇಕು ಅಂತಿದೆ. ಕಾನೂನಿನಲ್ಲಿ ಆ ಮಾತು ಇದ್ದದ್ದಕ್ಕೆ ಜನರಿಗೆ ಹಿಡಿದುಕೊಳ್ಳಲು ಒಂದು ಹಗ್ಗ ಸಿಕ್ಕಿತು. 2017ರ ಏಪ್ರಿಲ್‌ನಲ್ಲಿ ಸ್ಥಾನಮಾನ ವಾಪಸ್ ಬಂತು. 2019ರಲ್ಲಿ ವನ್ಯಜೀವಿ ಧಾಮವೇ ಆಯ್ತು. ಅದು ಗಣಿಯ ವಿಷಯ, ಗಾಳಿಯದಲ್ಲ, ಒಪ್ತೀನಿ. ಆದರೆ ಅದೇ ಗುಡ್ಡದ ಸುತ್ತಲಿನ ಜನಕ್ಕೆ ಒಂದು ಕಾನೂನಿನಲ್ಲಿ ಬಾಯಿ ಇದೆ, ಇನ್ನೊಂದರಲ್ಲಿ ಇಲ್ಲ. ನನ್ನ ಬೆರಳು ಅಲ್ಲಿಗೆ.

ಹಾಗಾದ್ರೆ ಈಗ, ಇರುವ ಕಾನೂನಿನಲ್ಲೇ, ನಿಮ್ಮೂರಿಗೆ ಫ್ಯಾನ್ ಬಂದರೆ ಏನು ಮಾಡಬಹುದು? ಅವತ್ತು ನಾನು ಆ ರೈತರಿಗೆ ಹೇಳಬೇಕಿದ್ದ ಉತ್ತರ ಇದು.

ಮೊದಲ ಬಾಗಿಲು ಗ್ರಾಮ ಪಂಚಾಯಿತಿ. ಗ್ರಾಮ ಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೀಬೇಕು ಅಂತ ನಮ್ಮ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತೆ. ಆ ಸಭೆಯಲ್ಲಿ ವಿಷಯ ಎತ್ತಿ, ಠರಾವು ಬರೆಸಿ. ಕಂಪನಿಯವರು ಬಂದು ನಕ್ಷೆ ತೋರಿಸಲಿ ಅಂತ ಕೇಳಿ. ಪಂಚಾಯಿತಿ ಒಪ್ಪಿಗೆ ಪತ್ರ ಕೊಡುವ ಮೊದಲು ಕೇಳಿ, ಕೊಟ್ಟ ಮೇಲಲ್ಲ.

ಎರಡನೇದು ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ರಾಜ್ಯದಲ್ಲಿ ಗಾಳಿ ಯೋಜನೆಗಳ ಹಂಚಿಕೆ ನೋಡಿಕೊಳ್ಳೋದು ಕ್ರೆಡಲ್, ಅಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ. ನಿಮ್ಮ ಊರಿನಲ್ಲಿ ಯಾರಿಗೆ, ಎಷ್ಟು ಮೆಗಾವ್ಯಾಟ್ ಹಂಚಿಕೆಯಾಗಿದೆ ಅಂತ ಅಲ್ಲಿ ಕೇಳಿ. ಕಟ್ಟೆ ಮೇಲೆ ಆರೋ ಮೂವತ್ತೋ ನೂರೋ ಅಂತ ಜಗಳ ಆಡೋದು ತಪ್ಪುತ್ತೆ.

ಮೂರನೇದು, ಅರಣ್ಯ ಭೂಮಿ ಒಳಗೆ ಬಂದರೆ ವಿಷಯವೇ ಬೇರೆ. ಅಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕೇ ಬೇಕು, ಅರಣ್ಯ ಹಕ್ಕು ಕಾಯ್ದೆಯಡಿ ಜನರ ಹಕ್ಕಿನ ಪ್ರಶ್ನೆ ಬರುತ್ತೆ. ಬಿಳಿ ಪಟ್ಟಿ ಅಲ್ಲಿ ರಕ್ಷಣೆ ಕೊಡಲ್ಲ.

ನಾಲ್ಕನೇದು ಜಮೀನು ಕೊಡುವವರಿಗೆ. ಎಷ್ಟು ವರ್ಷಕ್ಕೆ ಬಾಡಿಗೆ? ವರ್ಷಕ್ಕೆ ಎಷ್ಟು ಏರಿಕೆ? ಕಂಪನಿ ಬೇರೆಯವರಿಗೆ ಮಾರಿಹೋದರೆ ದುಡ್ಡು ಕೊಡೋದು ಯಾರು? ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಫ್ಯಾನಿನ ಆಯಸ್ಸು ಮುಗಿದಾಗ ಕಂಬ ಇಳಿಸೋದು ಯಾರು, ನೆಲದೊಳಗಿನ ಕಾಂಕ್ರೀಟ್ ತೆಗೆಯೋದು ಯಾರು? ಕರಾರಿನಲ್ಲಿ ಇದು ಕನ್ನಡದಲ್ಲಿ ಬರೆದಿರಲಿ. ಓದಿ ತಿಳಿದವರಿಗೆ ತೋರಿಸದೆ ಹೆಬ್ಬೆಟ್ಟು, ಸಹಿ ಎರಡೂ ಬೇಡ.

ಸರ್ಕಾರಕ್ಕೆ ನನ್ನ ಮಾತು ಚಿಕ್ಕದು. ಗಾಳಿ ವಿದ್ಯುತ್ತಿಗೆ ಗಣಿಯಷ್ಟು ಉದ್ದದ ಅನುಮತಿ ಪಟ್ಟಿ ಬೇಡ, ಯೋಜನೆ ತಡವಾಗೋದೂ ಬೇಡ. ಕಾಂಕ್ರೀಟ್ ಬೀಳುವ ಮೊದಲು ಊರಿನಲ್ಲಿ ಒಂದು ಸಭೆ, ಕನ್ನಡದಲ್ಲಿ ಒಂದು ನಕ್ಷೆ, ಸಹಿ ಬಿದ್ದ ಒಂದು ನಡಾವಳಿ, ಇಷ್ಟನ್ನು ಕಡ್ಡಾಯ ಮಾಡಿ. ಇದನ್ನು ರಾಜ್ಯ ತನ್ನ ನೀತಿಯಲ್ಲೇ ಸೇರಿಸಬಹುದು, ದೆಹಲಿಗೆ ಕಾಯಬೇಕಿಲ್ಲ. ಕೆಲವು ವಾರದ ಕೆಲಸ. ಕೇಳದೆ ಮಾಡಿದ ಯೋಜನೆ ಮುಂದೆ ದಾರಿಗೆ ಅಡ್ಡ ಮಲಗಿದ ಜನರಿಂದ, ಕೋರ್ಟಿನ ತಡೆಯಾಜ್ಞೆಯಿಂದ ಕಳೆದುಕೊಳ್ಳೋದು ತಿಂಗಳುಗಳನ್ನು.

ನಮ್ಮ ವೃತ್ತಿಯವರಿಗೂ ಒಂದು ಮಾತು, ನನ್ನನ್ನೂ ಸೇರಿಸಿ. ಕಲ್ಲು ಬಿದ್ದಾಗ, ಲಾಠಿ ಬೀಸಿದಾಗ ನಾವು ಓಬಿ ವ್ಯಾನ್ ಕಳಿಸ್ತೀವಿ. ಹೊಲದ ಬದುವಿನ ಮೇಲೆ ಬಣ್ಣದ ಕಲ್ಲು ನೆಟ್ಟಾಗ ಹೋಗಲ್ಲ. ಸುದ್ದಿ ಅಲ್ಲಿಂದಲೇ ಶುರುವಾಗಿರುತ್ತೆ.

ಗಾಳಿ ಬಂದಾಗ ತೂರಿಕೋ ಅಂತ ನಮ್ಮಲ್ಲಿ ಗಾದೆ ಇದೆ. ರಾಶಿ ಮಾಡುವ ಕಣದಲ್ಲಿ ಹುಟ್ಟಿದ ಮಾತು. ಈಗ ರಾಜ್ಯಕ್ಕೆ ಗಾಳಿ ಬಂದಿದೆ, ತೂರಿಕೊಳ್ಳಲಿ, ಒಳ್ಳೇದೇ. ಆದರೆ ತೂರುವ ಕಣ ಯಾರದು ಅಂತ ಒಂದು ಮಾತು ಕೇಳಬೇಕಲ್ವಾ?

ಆ ರೈತರಿಗೆ ನಾನೇ ಫೋನ್ ಮಾಡಿ ಇದಿಷ್ಟೂ ಹೇಳಿದೆ. ಕ್ಷಮೆ ಕೇಳಿದೆ. ಅವರು ಕ್ಷಮೆಯ ಮಾತು ಅಲ್ಲಿಗೇ ಬಿಟ್ಟರು. "ಇರಲಿ ಬಿಡ್ರಿ ಸರ. ಆ 500 ಮೀಟರ್ ಅಂದ್ರಲ್ಲ, ಅದನ್ನ ಇನ್ನೊಮ್ಮೆ ಹೇಳ್ರಿ, ಬರಕೋತೀನಿ" ಅಂದರು. ಇನ್ನೊಮ್ಮೆ ಹೇಳಿದೆ. ಮುಂದಿನ ಗ್ರಾಮ ಸಭೆಗೆ ಅಳತೆ ಟೇಪು ತಗೊಂಡು ಹೋಗ್ತಾರಂತೆ.